ಗೂಡಿಲ್ಲದ ರೇಡಿಯೋ

ಗವಿಸಿದ್ದೇಶನಿಗೆ ಚಪ್ಪಲಿಯೇಟು ಬಿದ್ದದ್ದು ಬಲಗೆನ್ನೆಗೆ. ಬೆಟಗೇರಿಯ ನೇಕಾರ ಓಣಿಯ ನಟ್ಟನಡುವೆ, ನಳದ ಮುಂದೆ ಕೊಡ ಇಟ್ಟುಕೊಂಡು ನಿಂತಿದ್ದ ಅಷ್ಟೂ ಹೆಂಗಸರ ಎದುರಿಗೆ ಬಿತ್ತು. ಹೊಡೆದವನು ಹೊರಗಿನವನಲ್ಲ, ದೊಡ್ಡಪ್ಪನ ಮಗ ಹುಚ್ಚಪ್ಪ. ಹೊಡೆದ ಮೇಲೆ ಚಪ್ಪಲಿಯನ್ನು ನೆಲಕ್ಕೆ ಒಗೆದು, ನಿಧಾನವಾಗಿ ಅದರೊಳಗೆ ಕಾಲು ತೂರಿಸಿ, ಎಲೆಯಡಿಕೆ ಉಗುಳಿ, ಕೈ ಝಾಡಿಸಿಕೊಂಡ. ಧೂಳು ಕೊಡವಿದ ಹಾಗೆ.

ಜಗಳ ಒಂದು ರೇಡಿಯೋದ್ದು. ಅಜ್ಜನ ಕಾಲದ ವಾಲ್ವ್ ರೇಡಿಯೋ, ತೇಗದ ಪೆಟ್ಟಿಗೆ, ಎರಡೂ ಕೈಯಿಂದ ತಬ್ಬಿ ಎತ್ತಬೇಕಾದಷ್ಟು ದೊಡ್ಡದು. ಮನೆತನ ಪಾಲಾದಾಗ ಮಗ್ಗಗಳೆಲ್ಲ ದೊಡ್ಡಪ್ಪನ ಕಡೆಗೆ ಹೋದವು. ಗವಿಸಿದ್ದೇಶನ ಅಪ್ಪನಿಗೆ ಬಂದದ್ದು ಒಂದು ಮನೆ ಮತ್ತು ಈ ಕೆಟ್ಟು ನಿಂತ ರೇಡಿಯೋ. ಹುಚ್ಚಪ್ಪ ಕರೆಂಟಿನ ಮಗ್ಗ ಹಾಕಿ ಶೆಡ್ಡಿನ ಮೇಲೆ ಶೆಡ್ಡು ಕಟ್ಟಿದ. ಗವಿಸಿದ್ದೇಶ ಮನೆಯಲ್ಲೇ ಕುಳಿತು ಫ್ಯಾನು, ಮಿಕ್ಸರು, ನೀರೆತ್ತುವ ಮೋಟಾರು ರಿಪೇರಿ ಮಾಡಿದ. ಕೈ ಖಾಲಿಯಾದಾಗಲೆಲ್ಲ ರೇಡಿಯೋ ಬಿಚ್ಚಿಕೊಂಡು ಕುಳಿತ. ಇಲಿ ಕಡಿದ ವಯರುಗಳನ್ನು ಬದಲಿಸಿದ. ಒಣಗಿ ಹೋದ ಕಂಡೆನ್ಸರ್‌ಗಳನ್ನು ಕಿತ್ತು ಹೊಸವನ್ನು ಬೆಸೆದ. ಸ್ಟೇಷನ್ ತೋರಿಸುವ ಮುಳ್ಳನ್ನು ಎಳೆಯುವ ದಾರ ಹರಿದಿತ್ತು, ನೂಲಿಗೆ ಮೇಣ ತಿಕ್ಕಿ ಹೊಸೆದು ಹಾಕಿದ. ಸ್ಪೀಕರಿನ ಮುಂದೆ ಖಣದ ಅರಿವೆ ಬಿಗಿದ. ವರ್ಷಗಳಾದ ಮೇಲೆ ಒಂದು ದಿನ ವಾಲ್ವುಗಳು ಕೆಂಪಗೆ ಕಾದು, ಡಯಲ್ಲಿನ ಪಕ್ಕದ ಹಸಿರು ಕಣ್ಣು ತೆರೆದು, ಗಂಟಲು ತುಂಬಿದ ದನಿಯಲ್ಲಿ ಹಾಡು ಹೊರಬಂತು. ಅಂದು ಅವನು ಅತ್ತಿದ್ದ. ಹೆಂಡತಿ ನೀಲಾಳಿಗೂ ಅದು ಗೊತ್ತಿಲ್ಲ.

ಅವನೂ ನೀಲಾಳೂ ಅವಳ ತವರು ಡೋಣಿಗೆ ಮದುವೆಗೆಂದು ಹೋದಾಗ ಹುಚ್ಚಪ್ಪ ಬಂದು, ಪಕ್ಕದ ಮನೆಯ ಕಳಕವ್ವನ ಹತ್ತಿರ ಇಟ್ಟಿದ್ದ ಕೀಲಿಕೈ ಇಸಿದುಕೊಂಡಿದ್ದ. ತನ್ನ ಬಸುರಿ ಸೊಸೆ ವಿದ್ಯಾಶ್ರೀಯ ಕುಬಸಕ್ಕೆ ಪಡಸಾಲೆಯಲ್ಲಿ ಶೋಭೆಗೆ ಇಡುತ್ತೇನೆ ಎಂದು ರೇಡಿಯೋ ಹೊತ್ತುಕೊಂಡು ಹೋದ. ಗವಿಸಿದ್ದೇಶ ತಿರುಗಿ ಬಂದಾಗ ಪೆಟ್ಟಿಗೆ ಹುಚ್ಚಪ್ಪನ ಮನೆಯಲ್ಲಿತ್ತು. ಅದರ ಹೊಟ್ಟೆಯೊಳಗೆ ಬ್ಲೂಟೂತ್ ಸ್ಪೀಕರ್ ಕುಳಿತಿತ್ತು.

“ಅಣ್ಣಾ, ಒಳಗಿನ ಸಾಮಾನ ಎಲ್ಲಿ?” ಎಂದು ಓಣಿಯಲ್ಲಿ ತಡೆದು ಕೇಳಿದ.

“ಯಾವ ಸಾಮಾನಲೇ? ಹಳೇ ಗಾಜಿನ ಬುಡ್ಡಿ ಇದ್ದೂ, ತಿಪ್ಪಿಗೆ ಒಗಸೀನಿ. ಈಗ ನೋಡ ಬಾ, ಮೊಬೈಲ್‌ನ್ಯಾಗ ಒತ್ತಿದ್ರ ಸಾಕು, ಹಾಡತೈತಿ. ನಿನಗ ಜಲ್ಮ ಹೋತು ಅದನ್ನ ಹಾಡಸಾಕ. ನಾ ಒಂದ ತಾಸಿನ್ಯಾಗ ಹಾಡಿಸಿದ್ನಿ.”

“ಅದು ಹಾಡತಿತ್ತು.”

“ಹಾಡತಿತ್ತಂತ! ದಮ್ಮ ಹತ್ತಿದ ಮುದಕ ಕೆಮ್ಮಿದಂಗ ಕೆಮ್ಮತಿತ್ತಲೇ.”

ಹೆಂಗಸರು ನಕ್ಕರು. ಗವಿಸಿದ್ದೇಶನ ಬಾಯಿಗೆ ಮೊದಲಿನಿಂದಲೂ ಲಗಾಮಿಲ್ಲ. “ಬೋಳಿಮಗನ” ಎಂದ. ಚಪ್ಪಲಿ ಬಿತ್ತು.

ಅವನು ಹುಚ್ಚಪ್ಪನನ್ನು ಕೊಂದದ್ದು ಆ ಕ್ಷಣದಲ್ಲೇ. ಉಳಿದದ್ದು ಕೈಯಿಂದ ಮಾಡಿ ಮುಗಿಸುವುದಷ್ಟೇ.

ಹುಚ್ಚಪ್ಪನ ಹಿತ್ತಲಿನ ತಿಪ್ಪೆಯಲ್ಲಿ ಕೈ ಹಾಕಿ ರೇಡಿಯೋದ ತಗಡಿನ ಚೌಕಟ್ಟು ಎಳೆದು ತೆಗೆದ. ಸಗಣಿ, ತರಕಾರಿ ಸಿಪ್ಪೆ, ಕೂದಲು ಮೆತ್ತಿದ್ದವು. ಎರಡು ವಾಲ್ವು ಒಡೆದಿದ್ದವು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬ್ರಷ್ಷಿನಿಂದ ಒರೆಸಿದ. ಅಜ್ಜನ ಮೈ ತೊಳೆದಂತೆ ತೊಳೆದ. ಟ್ರಾನ್ಸ್‌ಫಾರ್ಮರ್ ನೀರು ಕುಡಿದು ಸತ್ತಿತ್ತು. ಬಿಚ್ಚಿ ಕೈಯಲ್ಲಿ ಹಿಡಿದ. ಕಬ್ಬಿಣದ ಹಾಳೆಗಳನ್ನು ಒತ್ತಿ ಕಟ್ಟಿದ ಗಟ್ಟಿ, ನಾಲ್ಕೂ ಮೂಲೆ ಚೂಪು, ಮುಷ್ಟಿಗಿಂತ ದೊಡ್ಡದು, ಕಲ್ಲಿಗಿಂತ ಭಾರ. ಒದ್ದೆ ಟವೆಲ್ಲಿನಲ್ಲಿ ಸುತ್ತಿ ಬೀಸಿ ನೋಡಿದ. ತನ್ನ ಹಿತ್ತಲ ಗೋಡೆಯ ಇಟ್ಟಂಗಿ ಒಂದೇ ಏಟಿಗೆ ಪುಡಿಯಾಯಿತು.

ಆ ಪುಡಿ ನೋಡಿ ಅವನ ತಲೆ ತಣ್ಣಗಾಯಿತು. ಸಿಟ್ಟಿನ ಮನುಷ್ಯ ಸಿಟ್ಟಿನಲ್ಲೇ ಹೊಡೆದರೆ ಸಿಕ್ಕಿ ಬೀಳುತ್ತಾನೆ. ಹುಚ್ಚಪ್ಪ ಸತ್ತ ಮರುಗಳಿಗೆ ಇಡೀ ಓಣಿ ತನ್ನ ಕಡೆಗೇ ಬೆರಳು ತೋರಿಸುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಹಾಗಿದ್ದರೆ ಅದೇ ಓಣಿ ತನಗೆ ಸಾಕ್ಷಿ ಹೇಳಬೇಕು. ಹುಚ್ಚಪ್ಪ ಸಾಯುವ ಹೊತ್ತಿಗೆ ಗವಿಸಿದ್ದೇಶ ಮನೆಯೊಳಗೆ ಕುಳಿತು ರೇಡಿಯೋ ರಿಪೇರಿ ಮಾಡುತ್ತಿದ್ದ, ನಾವು ಕಿವಿಯಾರೆ ಕೇಳಿದೆವು ಎಂದು ಅವರೇ ಆಣೆ ಮಾಡಿ ಹೇಳಬೇಕು.

ಅದು ಕಷ್ಟವಿರಲಿಲ್ಲ. ಅವನು ರೇಡಿಯೋ ಮುಂದೆ ಕುಳಿತನೆಂದರೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ಸ್ಟೇಷನ್ ಹುಡುಕುವಾಗಿನ ಸೀಟಿ, ಕರಕರ, ನಡುನಡುವೆ ತುಂಡು ಹಾಡು, ಅವುಗಳ ಮೇಲೆ ಅವನ ಬೈಗುಳ. ಸ್ಕ್ರೂ ಜಾರಿದರೆ ಸ್ಕ್ರೂವಿನ ಅವ್ವನಿಗೆ ಬೈಯುತ್ತಿದ್ದ, ವಾಲ್ವು ಕೆಟ್ಟರೆ ಅದನ್ನು ಮಾಡಿದವನ ವಂಶಕ್ಕೆ ಬೈಯುತ್ತಿದ್ದ. ಹಳೆಯ ವಾಲ್ವ್ ರೇಡಿಯೋಗಳಿಗೆ ಬೆನ್ನಲ್ಲಿ ಎರಡು ತೂತು ಇರುತ್ತವೆ, ಗ್ರಾಮಫೋನಿನ ವಯರು ಸಿಕ್ಕಿಸಲಿಕ್ಕೆ. ಅಲ್ಲಿ ಫೋನಿನ ವಯರು ಸಿಕ್ಕಿಸಿದರೆ ಫೋನಿನಲ್ಲಿ ತುಂಬಿದ್ದು ಅದೇ ಗಂಟಲಿನಿಂದ, ಅದೇ ಕೆಮ್ಮಿನಿಂದ ಹೊರಗೆ ಬರುತ್ತದೆ. ರೇಡಿಯೋವೇ ಅವನಾಗಿ ಮನೆಯಲ್ಲಿ ಕುಳಿತಿರುತ್ತದೆ. ಅವನು ಹೋಗಿ ಬರುತ್ತಾನೆ.

ಒಡೆದ ವಾಲ್ವು, ಬೇರೆ ಟ್ರಾನ್ಸ್‌ಫಾರ್ಮರು ಹುಡುಕಿಕೊಂಡು ಲಕ್ಷ್ಮೇಶ್ವರಕ್ಕೆ ಹೋದ. ಅಲ್ಲಿಯ ಹಳೆ ಸಾಮಾನಿನ ವ್ಯಾಪಾರಿ ಫಕ್ರುಸಾಬ ಗೋಣಿಚೀಲದೊಳಗೆ ಕೈಯಾಡಿಸಿ ಬೇಕಾದದ್ದನ್ನು ಹೆಕ್ಕಿ ಕೊಟ್ಟ.

“ಪೆಟಿಗಿ ಇಲ್ಲಂತೀರಿ. ಬರೀ ಎಲುಬು ಹಾಡತಾವೇನ್ರಿ?” ಎಂದ.

“ಹಾಡಸ್ತೀನಿ ಚಾಚಾ. ನೀವ ನೋಡಕೋತ ಇರ್ರಿ,” ಎಂದ ಗವಿಸಿದ್ದೇಶ.

ಹಾಡಿಸಿದ. ಕೆಲಸವನ್ನು ಅವನು ಎಂದೂ ಅಷ್ಟು ಚೊಕ್ಕಟವಾಗಿ ಮಾಡಿರಲಿಲ್ಲ. ಪ್ರತಿ ಬೆಸುಗೆಯೂ ಜೋಳದ ಕಾಳಿನಂತೆ ದುಂಡಗೆ ಹೊಳೆಯಿತು. ಹರಿದ ಸ್ಪೀಕರಿಗೆ ತೆಳು ಕಾಗದ ಅಂಟಿಸಿ, ಹಲಗೆಯೊಂದಕ್ಕೆ ಬಿಗಿದು, ಎಲ್ಲವನ್ನೂ ಮೇಜಿನ ಮೇಲೆ ಬತ್ತಲೆಯಾಗಿ ಹರವಿದ. ವಾಲ್ವು ಕಾದವು, ಹಸಿರು ಕಣ್ಣು ತೆರೆಯಿತು. ಗೂಡಿಲ್ಲದಿದ್ದರೂ ದನಿ ಮೊದಲಿಗಿಂತ ದೊಡ್ಡದಾಗಿ ಬಂತು.

ಆಮೇಲೆ ಕೆಲವು ಮಧ್ಯಾಹ್ನ ಹಳೆಯ ಫೋನೊಂದನ್ನು ತೆರೆದ ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡು, ರೇಡಿಯೋ ಬಿಚ್ಚಿ ಜೋಡಿಸುವುದನ್ನು, ಸ್ಟೇಷನ್ ಹುಡುಕುವುದನ್ನು, ಬೈಯುವುದನ್ನು, ಕೆಮ್ಮುವುದನ್ನು ಅದರಲ್ಲಿ ತುಂಬಿದ. ನಟನೆ ಬೇಕಾಗಲಿಲ್ಲ. ಹುಚ್ಚಪ್ಪನ ಮುಖ ನೆನೆಸಿಕೊಂಡರೆ ಬೈಗುಳ ತಾನಾಗಿ ಬರುತ್ತಿತ್ತು. ಬಳಿಕ ಕುಳಿತು ಕತ್ತರಿಸಿದ. ವೇಳೆ ಹೇಳುವ ದನಿ, ಊರು ಹೇಳುವ ದನಿ ಕತ್ತರಿಸಿದ. ನೀಲಾ ಊಟಕ್ಕೆ ಕರೆದದ್ದನ್ನು, ಮಸೀದಿಯ ಬಾಂಗನ್ನು, ಕಾಯಿಪಲ್ಲೆ ಮಾರುವವಳ ಕೂಗನ್ನು ತೆಗೆದ. ದೂರದಲ್ಲೆಲ್ಲೋ ನಾಯಿಯೊಂದು ಬೊಗಳಿತ್ತು, ಅದನ್ನೂ ಬಿಡಲಿಲ್ಲ. ಒಂದು ದಿನದ ಸದ್ದು ಇನ್ನೊಂದು ದಿನದಲ್ಲಿ ಕೇಳಿದರೆ ಅಲ್ಲಿಗೆ ಕತೆ ಮುಗಿಯಿತು. ಕಿಟಕಿ ತೆರೆದಿಟ್ಟು, ಕಣ್ಣು ಮುಚ್ಚಿ ಮತ್ತೆ ಮತ್ತೆ ಕೇಳಿದ. ಒಳಗೆ ಅವನಿದ್ದ, ರೇಡಿಯೋ ಇತ್ತು. ಬೇರೆ ಯಾರೂ ಇರಲಿಲ್ಲ, ಬೇರೆ ಏನೂ ಇರಲಿಲ್ಲ.

ಕರೆಂಟು ಹೋದರೆ? ಬ್ಯಾಟರಿ, ಇನ್ವರ್ಟರ್ ತಂದು ಜೋಡಿಸಿದ. ನಡುವೆ ಯಾರಾದರೂ ಫೋನು ಮಾಡಿದರೆ? ಹಾಡುವ ಫೋನಿಗೆ ಸಿಮ್ಮೇ ಇರಲಿಲ್ಲ. ಸಿಮ್ಮಿದ್ದ ಫೋನು ಬಾಯಿ ಮುಚ್ಚಿಕೊಂಡು ಅದರ ಪಕ್ಕದಲ್ಲೇ ಬಿದ್ದಿರುತ್ತದೆ. ನಾಳೆ ಪೊಲೀಸರು ಟವರ್ ಹುಡುಕಿದರೆ ಟವರೂ ಅವನು ಮನೆಯಲ್ಲಿದ್ದ ಎಂದೇ ಹೇಳುತ್ತದೆ. ಯಾರಾದರೂ ಬಾಗಿಲು ಬಡಿದರೆ? ಕೆಲಸದಲ್ಲಿದ್ದಾಗ ಅವನು ಬಾಗಿಲು ತೆರೆಯುವುದಿಲ್ಲ. ಬಡಿದವರಿಗೆ ಒಳಗಿನಿಂದ ಬೈಗುಳ ಕೇಳಿಸುತ್ತದೆ, ಅದು ತಮಗೇ ಎಂದುಕೊಂಡು ಹೋಗುತ್ತಾರೆ. ಈ ವಿಚಾರ ಬಂದಾಗ ಅವನಿಗೆ ಗಟ್ಟಿಯಾಗಿ ನಗು ಬಂತು.

ಒಮ್ಮೆ, ನೀಲಾ ಮನೆಯಲ್ಲಿಲ್ಲದ ಮಧ್ಯಾಹ್ನ, ಪರೀಕ್ಷೆಯನ್ನೂ ಮಾಡಿದ. ಹಿತ್ತಲಿಂದ ಜಾರಿ ಗದಗಿಗೆ ಹೋಗಿ, ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ತಿಂದು, ಚಹಾ ಕುಡಿದು ತಿರುಗಿ ಬಂದ. ಮರುದಿನ ಕಟ್ಟೆಯ ಮೇಲೆ ಕುಳಿತು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದ ಕಳಕವ್ವನನ್ನು ಮಾತಿಗೆಳೆದ.

“ಏನಬೇ, ನಿನ್ನೆ ನನ್ನ ರೇಡಿಯೋದಿಂದ ತ್ರಾಸ ಆತೇನು?”

“ರೇಡಿಯೋದಿಂದ ಅಲ್ಲೋ ತಮ್ಮಾ, ನಿನ್ನ ಬಾಯಿಂದ,” ಎಂದಳು ಮುದುಕಿ. “ಊಟದ ಹೊತ್ತಿನಿಂದ ಒಂದ ಸವನ ಬೈದೆಲ್ಲ. ಅಷ್ಟ ಬೈಸಿಕೊಂಡ ಮ್ಯಾಲ ಅದಕ್ಕರ ಹಾಡೂ ಮನಸ ಹೆಂಗ ಬಂದೀತು?”

ನೀಲಾಳನ್ನು ಡೋಣಿಗೆ ಕಳಿಸಿದ. ನಿಮ್ಮವ್ವನಿಗೆ ಮೈಯಲ್ಲಿ ಹುಷಾರಿಲ್ಲ, ನಾಲ್ಕು ದಿನ ಇದ್ದು ಬಾ ಎಂದ.

“ಆ ಎಲುಬಿನ ಮುಂದ ಕುಂದ್ರಾಕ ನಾ ಅಡ್ಡ ಆಗೀನೇನ್ರಿ?” ಎಂದು ಅವಳು ಚೀಲ ತುಂಬುತ್ತ ಕೇಳಿದಳು.

“ಹೂಂ, ಆಗೀದಿ.”

“ನೀವು ಅದನ್ನ ಕಟಗೊಂಡಿದ್ರ ಚೊಲೊ ಇತ್ತು,” ಎಂದು ಬಸ್ಸು ಹತ್ತಿದಳು.

ಹುಚ್ಚಪ್ಪ ಮಧ್ಯಾಹ್ನ ಉಂಡ ಮೇಲೆ ಮನೆಯಲ್ಲಿ ಮಲಗುತ್ತಿರಲಿಲ್ಲ. ಹಳ್ಳದ ದಂಡೆಯ ನೂಲಿನ ಗೋದಾಮಿಗೆ ಹೋಗಿ ಬೇಲುಗಳ ಮೇಲೆ ಅಡ್ಡಾಗುತ್ತಿದ್ದ. ಅಲ್ಲಿ ಯಾರೂ ಅವನನ್ನು ಎಬ್ಬಿಸಬಾರದು. ಹೊತ್ತು ಮುಳುಗುವಾಗ ನೂಲು ತರಲು ಆಳುಗಳು ಹೋದಾಗಲೇ ಏಳುತ್ತಿದ್ದ. ಅಷ್ಟರೊಳಗೆ ಗವಿಸಿದ್ದೇಶ ಹೋಗಿ, ಮುಗಿಸಿ, ಸುತ್ತು ಹಾಕಿ ಬಂದು ಬೆಸುಗೆಯ ಕಡ್ಡಿ ಕೈಯಲ್ಲಿ ಹಿಡಿದಿರಬಹುದಿತ್ತು.

ಆ ದಿನ ಉಂಡು, ವಾಲ್ವು ಕಾಯಲು ಬಿಟ್ಟು, ಫೋನು ಒತ್ತಿ, ದನಿ ಓಣಿಗೆ ಮುಟ್ಟುವಷ್ಟು ಏರಿಸಿದ. ಮೇಜಿನ ಮೇಲಿಂದ ಅವನದೇ ದನಿ ಯಾವುದೋ ಸ್ಕ್ರೂವಿಗೆ ಬೈಯತೊಡಗಿತು. ಟವೆಲ್ಲಿನ ಗಂಟನ್ನು ಚೀಲಕ್ಕೆ ಹಾಕಿಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದ.

ಗೋದಾಮಿನ ಬಾಗಿಲು ಮುಂದೆ ಮಾಡಿತ್ತಷ್ಟೇ, ಚಿಲಕ ಹಾಕಿರಲಿಲ್ಲ. ಒಳಗೆ ಬಿಳಿ ನೂಲಿನ ರಾಶಿ, ರಾಶಿಯ ಮೇಲೆ ಬನಿಯನ್ನಿನ ಹುಚ್ಚಪ್ಪ, ಬಾಯಿ ತೆರೆದು ಮಲಗಿದ್ದ. ತಲೆದಿಂಬಿನ ಪಕ್ಕದಲ್ಲಿ, ಕುಬಸ ಮುಗಿದ ಮೇಲೆ ಇಲ್ಲಿಗೆ ಬಂದಿದ್ದ ತೇಗದ ಪೆಟ್ಟಿಗೆ. ಅದರೊಳಗಿಂದ ಯಾವುದೋ ಸಿನಿಮಾ ಹಾಡು ಸಣ್ಣಗೆ ಬರುತ್ತಿತ್ತು. ನಿದ್ದೆಯಲ್ಲಿದ್ದವನನ್ನು ಹೊಡೆಯುವುದೆಂದೇ ಅವನು ತೀರ್ಮಾನಿಸಿದ್ದ. ಪೆಟ್ಟಿಗೆ ನೋಡಿದ ಮೇಲೆ ಅದು ಸಾಲದೆನಿಸಿತು. ಕೆಳಗೆ ಬಿಟ್ಟಿದ್ದ ಚಪ್ಪಲಿ ಎತ್ತಿಕೊಂಡು ಹುಚ್ಚಪ್ಪನ ಬಲಗೆನ್ನೆಗೆ ಪಟಾರನೆ ಬಾರಿಸಿದ.

“ಏಳಣ್ಣಾ.”

ಹುಚ್ಚಪ್ಪ ಕಣ್ಣು ತೆರೆದ. “ಗವ್ಯಾ?” ಎಂದ. ಸಿಟ್ಟೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ, ಬರೀ ಆಶ್ಚರ್ಯ. “ಏನಲೇ ಇದು?”

ಗವಿಸಿದ್ದೇಶ ಬೀಸಿದ. ಮೊದಲನೇ ಏಟು ಹುಬ್ಬಿನ ಮೇಲೆ ಬಿತ್ತು, ಒಣ ತೆಂಗಿನಕಾಯಿ ಒಡೆದಂತೆ ಸದ್ದಾಯಿತು. ಹುಚ್ಚಪ್ಪ ಎರಡೂ ಕೈ ಎತ್ತಿದ. ಎರಡನೇ ಏಟಿಗೆ ಬೆರಳು ಮುರಿದವು. ಅವನು ಬೇಲಿನಿಂದ ಉರುಳಿ, ನೂಲು ಹಿಡಿದು ಏಳಲು ನೋಡಿದ. ನೂಲು ಬಿಚ್ಚಿಕೊಂಡು ಕೈಕಾಲಿಗೆ ತೊಡರಿತು. “ಬ್ಯಾಡೋ ತಮ್ಮಾ, ಬ್ಯಾಡೋ” ಎಂದ. ತಮ್ಮಾ ಎಂದದ್ದು ಕೇಳಿ ಗವಿಸಿದ್ದೇಶನಿಗೆ ಇನ್ನಷ್ಟು ಉರಿಯಿತು. ಟವೆಲ್ಲು ಹರಿದು ಕಬ್ಬಿಣದ ಮೂಲೆ ಹೊರಗೆ ಬರುವ ತನಕ ಹೊಡೆದ. ಮುಖ ಯಾರದೆಂದು ತಿಳಿಯದಂತಾಯಿತು. ಆದರೂ ಹೊಡೆದ. ನಿಂತಾಗ ಬಿಳಿ ನೂಲು ಅರ್ಧ ಗೋಡೆಯ ತನಕ ಕೆಂಪಾಗಿತ್ತು, ಅವನ ನಾಲಗೆಗೂ ರಕ್ತದ ರುಚಿ ಹತ್ತಿತ್ತು.

ಪೆಟ್ಟಿಗೆ ಇನ್ನೂ ಹಾಡುತ್ತಿತ್ತು. ಬೆರಳಿಗೆ ಅರಿವೆ ಸುತ್ತಿ ಗುಂಡಿ ತಿರುಗಿಸಿದ. ಅವನೇ ತಿಕ್ಕಿ ಹೊಳೆಸಿದ್ದ ಗುಂಡಿ. ಅದು ಗರಗರ ತಿರುಗಿತೇ ಹೊರತು ಹಾಡು ನಿಲ್ಲಲಿಲ್ಲ. ಒಳಗೆ ಅದಕ್ಕೆ ಏನನ್ನೂ ಜೋಡಿಸಿರಲಿಲ್ಲ.

ಹಳ್ಳದ ಆಚೆ ಹಾಳುಬಾವಿಗೆ ಟ್ರಾನ್ಸ್‌ಫಾರ್ಮರನ್ನೂ, ಅಂಗಿಗೆ ಕಲ್ಲು ಕಟ್ಟಿ ಅದನ್ನೂ ಹಾಕಿದ. ಯಾರದೋ ಹೊಲದ ಪೈಪಿನಲ್ಲಿ ಮೈ ತೊಳೆದು, ಚೀಲದಲ್ಲಿ ತಂದಿದ್ದ ಅದೇ ಬಣ್ಣದ ಇನ್ನೊಂದು ಅಂಗಿ ತೊಟ್ಟ. ಹೊಂಬಳದ ರಸ್ತೆ ಹಿಡಿದು, ಶೇಂಗಾ ಹೊಲಗಳ ಬದುವಿನ ಮೇಲೆ ದೊಡ್ಡ ಸುತ್ತು ಹಾಕಿ, ಓಣಿಯ ಹಿಂಬದಿಗೆ ಬಂದ.

ದೂರದಿಂದಲೇ ಹೆಂಗಸರು ಬೋರಾಡಿ ಅಳುವುದು ಕೇಳಿಸಿತು. ಬದುವಿನ ಮೇಲೆ ಗಕ್ಕನೆ ನಿಂತ. ಹುಚ್ಚಪ್ಪ ಎಣಿಸಿದ್ದಕ್ಕಿಂತ ಜಲ್ದಿ ಸಿಕ್ಕಿದ್ದಾನೆ. ಆದರೆ ಮರುಗಳಿಗೆಯೇ ಧೈರ್ಯ ಬಂತು. ಜಲ್ದಿ ಸಿಕ್ಕರೆ ಒಳ್ಳೆಯದೇ. ಹೆಣ ಸಿಕ್ಕಾಗ ಗವಿಸಿದ್ದೇಶ ಮನೆಯಲ್ಲಿ ಬೈಯುತ್ತಿದ್ದ, ಹೆಣ ತಂದಾಗಲೂ ಬೈಯುತ್ತಿದ್ದ. ಅಳುವಿನ ನಡುವೆ ಅವನ ರೇಡಿಯೋ ಸ್ಪಷ್ಟವಾಗಿ ಕೇಳುತ್ತಿತ್ತು. ಇಷ್ಟು ದೂರಕ್ಕೆ ಇಷ್ಟು ಚಂದ ಕೇಳಿಸುತ್ತದೆಂದು ಅವನೂ ಎಣಿಸಿರಲಿಲ್ಲ. ಏನೋ ಖಾಲಿ ಖಾಲಿ ಎನಿಸಿತು. ಹೊಟ್ಟೆ ಹಸಿದಿರಬೇಕು ಎಂದುಕೊಂಡ.

ಹಿತ್ತಲಿಂದ ಒಳಗೆ ಬಂದು ಫೋನು ನಿಲ್ಲಿಸಿದ. ಬೆಸುಗೆಯ ಕಡ್ಡಿ ಕೈಗೆ ತೆಗೆದುಕೊಂಡು, ಇನ್ನು ವಯರು ಬಿಚ್ಚಬೇಕು ಎನ್ನುವಷ್ಟರಲ್ಲಿ ಮುಂದಿನ ಬಾಗಿಲು ದಡದಡ ಬಡಿಯಿತು. ಮೇಜಿನ ಮೇಲೆ ಅರಿವೆ ಎಳೆದು, ಮುಖ ಗಂಟಿಕ್ಕಿಕೊಂಡು ಹೋಗಿ ಬಾಗಿಲು ತೆರೆದ. ಅರ್ಧ ಓಣಿ ನಿಂತಿತ್ತು. ಮುಂದೆ ಪೊಲೀಸ್ ಫೌಜದಾರ, ಅವನ ಪಕ್ಕದಲ್ಲಿ ಕಳಕವ್ವ.

“ಏನ್ರಿ ಇದು ಗದ್ಲ? ಬಂದ್ ಮಾಡಿದ್ನೆಲ್ಲ ರೇಡಿಯೋ!”

“ಹುಚ್ಚಪ್ಪನ್ನ ಯಾರೋ ಬಡದ ಕೊಂದಾರ,” ಎಂದ ಫೌಜದಾರ. “ವಿದ್ಯಾಶ್ರೀಗೆ ಹೆರಿಗಿ ಬ್ಯಾನಿ ಬಂತಂತ ಕರೀಲಾಕ ಹೋದವರು ನೋಡ್ಯಾರ. ಊಟ ಆದ ಮ್ಯಾಲ ನೀ ಎಲ್ಲಿದ್ದಿ?”

ಗವಿಸಿದ್ದೇಶ ಕಡ್ಡಿ ಕೆಳಗೆ ಬಿಟ್ಟ, ಬಾಗಿಲ ಚೌಕಟ್ಟು ಹಿಡಿದುಕೊಂಡ. ಇದನ್ನೂ ಕನ್ನಡಿಯ ಮುಂದೆ ಮಾಡಿ ನೋಡಿದ್ದ. “ಅಣ್ಣಾ...” ಎಂದ. ಬಳಿಕ, “ಇಲ್ಲೇ ಇದ್ನಿರಿ. ಓಣ್ಯಾಗ ಕೇಳ್ರಿ.”

“ಖರೆ ಐತ್ರಿ ಸಾಹೇಬ್ರ,” ಎಂದಿತು ಗುಂಪು. “ಬೈಯಾಕ ಹತ್ತಿದ್ದ. ನಾವೆಲ್ಲಾ ಕೇಳೀವಿ.”

“ಅಂವನ ಮ್ಯಾಲ ನಿನಗ ಸಿಟ್ಟ ಇತ್ತಂತಲ್ಲ?”

“ಇತ್ರಿ. ಇಲ್ಲಂತ ಯಾಕ ಹೇಳ್ಲಿ? ಆದ್ರ ಎರಡೂ ಕೈ ರೇಡಿಯೋದಾಗ ಇದ್ದೂ.”

ಫೌಜದಾರ ತಲೆಯಾಡಿಸಿ ಹಿಂದಕ್ಕೆ ತಿರುಗಿದ. ಗೆದ್ದೆ ಎಂದುಕೊಂಡ ಗವಿಸಿದ್ದೇಶ. ಆದರೆ ಕಳಕವ್ವ ಅಲ್ಲಾಡಲಿಲ್ಲ. ಅವನ ಮುಖಕ್ಕೆ ಬೆರಳು ತಿವಿದಳು.

“ರೇಡಿಯೋ ಹಾಳಾಗಿ ಹೋಗ್ಲಿ,” ಎಂದಳು. “ಮಗ್ಗ ಯಾವಾಗ ಹಾಕಿದ್ಯೋ? ಮನಿತನದ ಹೆಣ ಬಿದ್ದೈತಿ, ಓಣ್ಯಾಗ ಎಲ್ಲಾರೂ ಮಗ್ಗ ನಿಲ್ಲಿಸಿ ಕುಂತೀವಿ. ನಿನ್ನ ಮನ್ಯಾಗ ಒಂದು ಈಗಿನ ತನಕ ಓಡಿತಲ್ಲೋ! ನಿಲ್ಲಸಂತ ಬಾಗಲಾ ಬಡದ ಬಡದ ಸಾಕಾತು.”

“ಯಾವ ಮಗ್ಗಬೇ?” ಎಂದು ಗವಿಸಿದ್ದೇಶ ನಗಲು ಹೋದ, ಮತ್ತು ಹುಟ್ಟಿದಂದಿನಿಂದ ಮೊದಲ ಬಾರಿಗೆ ಓಣಿಯ ಕಡೆಗೆ ಕಿವಿಗೊಟ್ಟ. ಅಳುವಿನ ಹಿಂದೆ ಒಂದು ಮಗ್ಗದ ಸದ್ದೂ ಇರಲಿಲ್ಲ. ಅವನ ತೊಟ್ಟಿಲು ಕಟ್ಟಿದ್ದು ಮಗ್ಗದ ತೊಲೆಗೆ. ಬೆಳಗಿನಿಂದ ಕತ್ತಲಾಗುವ ತನಕ ಗೋಡೆ ನಡುಗಿಸುವ ಆ ಖಟಾಪಟಿ ಅವನಿಗೆ ಸದ್ದೇ ಆಗಿರಲಿಲ್ಲ, ಉಸಿರಾಟದ ಹಾಗೆ. ನಾಯಿಯ ಬೊಗಳನ್ನೂ ಬಿಡದೆ ಕತ್ತರಿಸಿದ ಕಿವಿ ಅದನ್ನು ಕೇಳಿಸಿಕೊಂಡಿರಲೇ ಇಲ್ಲ. ತೆರೆದ ಕಿಟಕಿಯಿಂದ ಓಣಿಯ ಮಗ್ಗಗಳೆಲ್ಲ ಫೋನಿನೊಳಗೆ ಬಂದು ಕುಳಿತಿದ್ದವು. ಓಣಿಯಲ್ಲಿ ಸಾವಾದರೆ ಹೆಣ ಎತ್ತುವ ತನಕ ಮಗ್ಗ ನಿಲ್ಲುತ್ತವೆ, ಅದು ಅವನಿಗೂ ಗೊತ್ತಿತ್ತು. ಇಂದು ಅವನ ಕೈಯಿಂದಲೇ ಎಲ್ಲ ನಿಂತಿದ್ದವು, ಮಗ್ಗವೇ ಇಲ್ಲದ ಅವನ ಮನೆಯಲ್ಲಿ ಮಾತ್ರ ಮಗ್ಗ ಓಡಿತ್ತು. “ಎಲ್ಲೈತಿ ತೋರಸು,” ಎಂದ ಫೌಜದಾರ, ಅವನ ತೋಳನ್ನು ಬದಿಗೆ ಸರಿಸಿ ಒಳಗೆ ಕಾಲಿಟ್ಟ. ಮೂಲೆ ನೋಡಿದ, ಅಟ್ಟ ನೋಡಿದ, ಮೇಜಿನ ಮೇಲಿನ ಅರಿವೆ ಎಳೆದ. ಗೂಡಿಲ್ಲದ ರೇಡಿಯೋದ ಹಸಿರು ಕಣ್ಣು ಇನ್ನೂ ತೆರೆದಿತ್ತು, ಬೆನ್ನಿಗೆ ವಯರು, ವಯರಿನ ತುದಿಗೆ ಫೋನು. ಫೌಜದಾರ ಬೆರಳಿನಿಂದ ಅದನ್ನು ಒತ್ತಿದ. ಸತ್ತ ಓಣಿಯಲ್ಲಿ ಮಗ್ಗಗಳು ಮತ್ತೆ ಓಡತೊಡಗಿದವು.